ರಾಕ್‌ನ ಅತಿ ಶ್ರೇಷ್ಠ ಗಾಯಕ ಯಾರು? ವಾದಕ್ಕೆ ಕೂರುವ ಮುನ್ನ ಪದೇ ಪದೇ ಕೇಳುವ ಪ್ರಶ್ನೆಗಳು

ರಾಕ್ ಕೇಳುವ ನಾಲ್ಕು ಜನ ಒಂದೆಡೆ ಸೇರಿದರೆ ಈ ಚರ್ಚೆ ಎದ್ದೇ ಏಳುತ್ತದೆ. ಕ್ವೀನ್ ಬ್ಯಾಂಡಿನ ಫ್ರೆಡ್ಡಿ ಮರ್ಕ್ಯುರಿ, ಲೆಡ್ ಜೆಪೆಲಿನ್ ಬ್ಯಾಂಡಿನ ರಾಬರ್ಟ್ ಪ್ಲಾಂಟ್, ಬ್ಲ್ಯಾಕ್ ಸಬ್ಬತ್ ಬ್ಯಾಂಡಿನ ಡಿಯೊ, ಅಮೆರಿಕದ ಗಾಯಕಿ ಜಾನಿಸ್ ಜಾಪ್ಲಿನ್ ಎಂದು ಹೆಸರುಗಳು ಹಾರಾಡಿ, ಗಂಟಲು ದೊಡ್ಡದಿದ್ದವರು ಗೆದ್ದು, ಯಾರೂ ಒಂದು ಹಾಡನ್ನೂ ಹಾಕಿ ಕೇಳದೆ ಎದ್ದು ಹೋಗುವುದೇ ಹೆಚ್ಚು. ಹಾಡನ್ನೇ ಎದುರಿಗಿಟ್ಟುಕೊಂಡು ವಾದ ಮಾಡಬೇಕೆನ್ನುವವರಿಗೆ ಈ ಪುಟ.

ಯಾರನ್ನು ರಾಕ್ ಗಾಯಕರ ಲೆಕ್ಕಕ್ಕೆ ಹಿಡಿಯಬೇಕು?

ಇದನ್ನು ಮೊದಲೇ ಗೊತ್ತುಮಾಡಿಕೊಳ್ಳದಿದ್ದರೆ ಮಾತು ಹತ್ತು ನಿಮಿಷದಲ್ಲಿ ದಾರಿ ತಪ್ಪುತ್ತದೆ. ಒಬ್ಬರು ರಾಬರ್ಟ್ ಪ್ಲಾಂಟ್ ಅನ್ನುತ್ತಾರೆ, ಇನ್ನೊಬ್ಬರು ಸೋಲ್ ಸಂಗೀತದ ಗಾಯಕಿ ಅರೀಥಾ ಫ್ರಾಂಕ್ಲಿನ್ ಅನ್ನುತ್ತಾರೆ. ಇಬ್ಬರ ಮಾತೂ ಸರಿ, ಆದರೆ ಇಬ್ಬರ ತಕ್ಕಡಿ ಬೇರೆ. ರಾಕ್ ದಿಗ್ಗಜರಿಗೆ ಗೌರವ ಕೊಡುವ ಅಮೆರಿಕದ ಸಂಸ್ಥೆಯಾದ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ನ ತಕ್ಕಡಿ ಬಹಳ ದೊಡ್ಡದು. ಅದು 1987ರಲ್ಲೇ ಅರೀಥಾ ಅವರನ್ನು ಸೇರಿಸಿಕೊಂಡಿತು, ಆ ಗೌರವ ಪಡೆದ ಮೊದಲ ಮಹಿಳೆ ಅವರೇ.

ಗಿಟಾರ್, ಬೇಸ್, ಡ್ರಮ್ಸ್ ಇರುವ ಬ್ಯಾಂಡಿನ ಎದುರು ನಿಂತು ಹಾಡಿದವರು, ಕನಿಷ್ಠ ಮೂರು ಪೂರ್ತಿ ಆಲ್ಬಂ ಬಿಟ್ಟುಹೋದವರು ಎಂದು ಗೆರೆ ಎಳೆದುಕೊಂಡರೆ ವಾದಕ್ಕೆ ಸಾಕು. ಬೇರನ್ನು ಮಾತ್ರ ಮರೆಯಬಾರದು. ರಾಕ್‌ನ ಕೂಗು ಕರಿಯರ ಚರ್ಚುಗಳಿಂದ, ಅವರದೇ ನೋವಿನ ಹಾಡಿನ ಪ್ರಕಾರವಾದ ಬ್ಲೂಸ್‌ನಿಂದ ಬಂದದ್ದು. ಸಿಸ್ಟರ್ ರೊಸೆಟಾ ಥಾರ್ಪ್, ಬಿಗ್ ಮಾಮಾ ಥಾರ್ನ್‌ಟನ್, ಲಿಟಲ್ ರಿಚರ್ಡ್ ಇವರನ್ನು ಕೇಳದೆ ಎಲ್ವಿಸ್, ಜಾನಿಸ್, ಪ್ಲಾಂಟ್ ಬಗ್ಗೆ ಮಾತಾಡಿದರೆ ಅದು ಅರ್ಧ ಮಾತು.

ಹೆಚ್ಚು ಸ್ಥಾಯಿ ಮುಟ್ಟುವವರೇ ದೊಡ್ಡ ಗಾಯಕರಲ್ಲವೇ?

ಅಲ್ಲ. ಈ ಚರ್ಚೆಯಲ್ಲಿ ಅತಿ ಹೆಚ್ಚು ಬಳಕೆಯಾಗುವ, ಅತಿ ದುರ್ಬಲವಾದ ವಾದ ಇದೇ. 2014ರಲ್ಲಿ ಇಂಟರ್ನೆಟ್ಟಿನಲ್ಲಿ ಒಂದು ಚಾರ್ಟ್ ಹರಿದಾಡಿತು, ಅದರ ತುದಿಯಲ್ಲಿ ಗನ್ಸ್ ಎನ್ ರೋಸಸ್ ಬ್ಯಾಂಡಿನ ಆಕ್ಸಲ್ ರೋಸ್ ಇದ್ದರು. ಒಂದು ಹಾಡಿನಲ್ಲಿ ಎಲ್ಲೋ ಗೊಣಗಿದ ಅತಿ ಕೆಳಗಿನ ಸ್ವರ, ಇನ್ನೊಂದರಲ್ಲಿ ಚೀರಿದ ಅತಿ ಮೇಲಿನ ಸ್ವರ, ಇವೆರಡರ ನಡುವಿನ ದೂರವನ್ನು ಅಳೆದು ಮಾಡಿದ ಚಾರ್ಟ್ ಅದು. ಆ ಎರಡು ತುದಿಗಳ ಮೇಲೆ ಯಾರೂ ಹಾಡು ಕಟ್ಟುವುದಿಲ್ಲ. ರಾಕ್ ಹಾಡುಗಳ ಮುಖ್ಯ ಧಾಟಿ ಸಾಮಾನ್ಯವಾಗಿ ಒಂದೂವರೆ ಸ್ಥಾಯಿಯೊಳಗೆ (ಕೆಳಗಿನ ಷಡ್ಜದಿಂದ ಮೇಲಿನ ಷಡ್ಜದವರೆಗಿನ ದೂರ ಒಂದು ಸ್ಥಾಯಿ) ಮುಗಿಯುತ್ತದೆ.

ಕೇಳಬೇಕಾದ ಪ್ರಶ್ನೆ ಬೇರೆ: ಗಾಯಕರು ತೊಂಬತ್ತು ನಿಮಿಷ ನೆಮ್ಮದಿಯಿಂದ ಹಾಡಬಲ್ಲ ಜಾಗ ಯಾವುದು, ಆ ಜಾಗದಲ್ಲಿ ದನಿಗೆ ಎಷ್ಟು ಬಣ್ಣಗಳಿವೆ? ನಮ್ಮ ಸಂಗೀತ ಕಛೇರಿಗಳಿಗೆ ಹೋಗುವವರಿಗೆ ಇದು ಹೊಸ ಮಾತಲ್ಲ. ಅತಿತಾರದ ಷಡ್ಜ ಮುಟ್ಟಿದರೆಂದು ಯಾರೂ ವಿದ್ವಾಂಸರಾಗುವುದಿಲ್ಲ, ಮಧ್ಯಸ್ಥಾಯಿಯಲ್ಲಿ ಶಾರೀರ ನಿಂತಿದೆಯೇ ಎಂದು ನೋಡುತ್ತೇವೆ.

ಫ್ರೆಡ್ಡಿ ಮರ್ಕ್ಯುರಿಗೆ ನಾಲ್ಕು ಸ್ಥಾಯಿ ಇತ್ತು ಎನ್ನುತ್ತಾರೆ. ನಿಜವೇ?

ಅಳೆದು ನೋಡಿದವರಿಗೆ ಅಷ್ಟು ಸಿಗಲಿಲ್ಲ. 2016ರಲ್ಲಿ ಧ್ವನಿ ವಿಜ್ಞಾನಿ ಕ್ರಿಸ್ಟಿಯನ್ ಹೆರ್ಬ್ಸ್ಟ್ ಮತ್ತು ಸಂಗಡಿಗರು ಅವರ ದನಿಯ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಧ್ವನಿಮುದ್ರಣಗಳಲ್ಲಿ ಅವರು ಕಂಡುಕೊಂಡ ವ್ಯಾಪ್ತಿ ಎಫ್ ಶಾರ್ಪ್ 2ರಿಂದ ಜಿ 5ರವರೆಗೆ (ಅಕ್ಷರ ಸ್ವರದ ಪಾಶ್ಚಾತ್ಯ ಹೆಸರು, ಅಂಕಿ ಅದರ ಸ್ಥಾಯಿಯ ಗುರುತು), ಅಂದರೆ ಸುಮಾರು 92 ಹರ್ಟ್ಸ್‌ನಿಂದ 784 ಹರ್ಟ್ಸ್. 37 ಅರ್ಧಸ್ವರಗಳು. ಒಂದು ಸ್ಥಾಯಿಗೆ 12 ಅರ್ಧಸ್ವರ, ಹಾಗಾಗಿ ಮೂರು ಸ್ಥಾಯಿಯ ಮೇಲೆ ಒಂದು ಚೂರು.

ಅದೇ ಅಧ್ಯಯನದ ಉಳಿದ ಸಂಗತಿಗಳು ಇನ್ನೂ ಸ್ವಾರಸ್ಯವಾಗಿವೆ. ಸಂದರ್ಶನಗಳಲ್ಲಿ ಅವರ ಮಾತಿನ ದನಿ ಸುಮಾರು 117 ಹರ್ಟ್ಸ್ ಸುತ್ತ ಇತ್ತು. ಟೆನರ್, ಅಂದರೆ ಮೇಲುದನಿಯ ಗಂಡು ಗಾಯಕ, ಎಂದು ಜಗತ್ತು ನಂಬಿದ ಮನುಷ್ಯ ಹುಟ್ಟಿನಿಂದ ಅದಕ್ಕಿಂತ ತಗ್ಗಿನ ದನಿಯ ಬ್ಯಾರಿಟೋನ್ ಆಗಿದ್ದಿರಬೇಕು ಎಂಬ ಅನುಮಾನಕ್ಕೆ ಇದು ಆಧಾರ. ಸ್ವರವನ್ನು ಎಳೆದು ನಿಲ್ಲಿಸಿದಾಗ ಬರುವ ಕಂಪನ ಸೆಕೆಂಡಿಗೆ ಏಳು ಸಲದಷ್ಟಿತ್ತು, ಇತರ ಗಾಯಕರಲ್ಲಿ ಅದು ಸಾಮಾನ್ಯವಾಗಿ 5.4ರಿಂದ 6.9. ಜತೆಗೆ ಅದು ಗಡಿಯಾರದಂತೆ ಒಂದೇ ಸಮನಾಗಿರುತ್ತಿರಲಿಲ್ಲ. ಫ್ರೆಡ್ಡಿ ಎಳೆದ ಸ್ವರದಲ್ಲಿ ಒಂದು ಬಗೆಯ ಮಿಡಿತ, ಆತುರ ಕೇಳಿಸುತ್ತದಲ್ಲ, ಅದರ ಮೂಲ ಇಲ್ಲಿದೆ. ನಾಲ್ಕು ಸ್ಥಾಯಿಯ ಕಟ್ಟುಕಥೆಗಿಂತ ಈ ಮಿಡಿತದ ಬಗ್ಗೆ ಮಾತಾಡಿದರೆ ಅವರ ಪರ ವಾದ ಹೆಚ್ಚು ಗಟ್ಟಿಯಾಗುತ್ತದೆ.

ಇನ್ನೊಂದು ತಪ್ಪನ್ನೂ ತಿದ್ದಬೇಕು. 1975ರ ಕ್ವೀನ್ ಹಾಡು 'ಬೊಹೀಮಿಯನ್ ರಾಪ್ಸಡಿ'ಯ ಒಪೆರಾ ಭಾಗ ಮುಗಿಯುವಾಗ ಗಗನಕ್ಕೇರುವ ಸ್ವರ ಫ್ರೆಡ್ಡಿಯದಲ್ಲ, ಡ್ರಮ್ಸ್ ನುಡಿಸುತ್ತಿದ್ದ ರೋಜರ್ ಟೇಲರ್ ಅವರದು.

ಫ್ರೆಡ್ಡಿ ಭಾರತೀಯರೇ?

ಹುಟ್ಟಿದ್ದು 1946ರ ಸೆಪ್ಟೆಂಬರ್ 5ರಂದು ಜಾಂಜಿಬಾರ್‌ನಲ್ಲಿ, ಪಾರ್ಸಿ ಮನೆತನದಲ್ಲಿ. ಹೆಸರು ಫರ್ರುಖ್ ಬುಲ್ಸಾರಾ. ಓದಿದ್ದು ಮಹಾರಾಷ್ಟ್ರದ ಪಂಚಗಣಿಯ ಸೇಂಟ್ ಪೀಟರ್ಸ್ ಶಾಲೆಯಲ್ಲಿ. ಮೊದಲ ಬ್ಯಾಂಡ್ 'ದಿ ಹೆಕ್ಟಿಕ್ಸ್' ಹುಟ್ಟಿದ್ದೂ ಅಲ್ಲೇ, ಅದರಲ್ಲಿ ಅವರು ಪಿಯಾನೋ ನುಡಿಸುತ್ತಿದ್ದರು. 1964ರಲ್ಲಿ ಮನೆಯವರೊಂದಿಗೆ ಇಂಗ್ಲೆಂಡ್ ಸೇರಿದರು. ಇದು ಅಭಿಮಾನಕ್ಕೆ ಸರಿ. ಶ್ರೇಷ್ಠತೆಯ ವಾದದಲ್ಲಿ ಇದಕ್ಕೆ ಅಂಕವಿಲ್ಲ.

ಒಂದು ಸ್ವರ ಎಷ್ಟು ಎತ್ತರದ್ದು ಎಂದು ನಾವೇ ಅಳೆಯಬಹುದೇ?

ಧಾರಾಳವಾಗಿ. ಸೋನಿಕ್ ವಿಷುವಲೈಸರ್ ಎಂಬ ಉಚಿತ ತಂತ್ರಾಂಶ ಮತ್ತು ಒಂದು ಕೀಬೋರ್ಡ್ ಅಥವಾ ಹಾರ್ಮೋನಿಯಂ ಇದ್ದರೆ ಸಾಕು.

1. ಸಿಡಿಯಿಂದಲೋ ಹಣ ಕೊಟ್ಟು ಇಳಿಸಿಕೊಂಡ ಫೈಲಿನಿಂದಲೋ ಹಾಡು ತೆಗೆದುಕೊಳ್ಳಿ. ಯಾರೋ ಯೂಟ್ಯೂಬಿಗೆ ಏರಿಸಿದ ಪ್ರತಿ ಬೇಡ. ಕಾಪಿರೈಟ್ ಪತ್ತೆಯಿಂದ ತಪ್ಪಿಸಿಕೊಳ್ಳಲು ಶ್ರುತಿಯನ್ನೇ ಮೇಲೆ ಕೆಳಗೆ ಮಾಡಿರುವ ಪ್ರತಿಗಳು ಅಲ್ಲಿ ಬಹಳ.
2. ಫೈಲ್ ತೆರೆದು ಮೆಲೋಡಿಕ್ ರೇಂಜ್ ಸ್ಪೆಕ್ಟ್ರೋಗ್ರಾಮ್ ಎಂಬ ಪದರ ಸೇರಿಸಿ. ಅಡ್ಡಡ್ಡ ಬೆಳಗುವ ಗೆರೆಗಳು ಕಾಣುತ್ತವೆ.
3. ಕನಿಷ್ಠ ಒಂದು ಸೆಕೆಂಡ್ ಎಳೆದ ಸ್ವರ ಹುಡುಕಿ, ದನಿಯದೆಂದು ಖಚಿತವಾದ ಗೆರೆಗಳಲ್ಲಿ ಅತಿ ಕೆಳಗಿನದರ ಹರ್ಟ್ಸ್ ಓದಿ. 440 ಇದ್ದರೆ ಎ 4, 523 ಇದ್ದರೆ ಸಿ 5.
4. ಅದೇ ಸ್ವರವನ್ನು ಕೀಬೋರ್ಡಿನಲ್ಲಿ ಒತ್ತಿ ಕಿವಿಯಿಂದ ತಾಳೆ ನೋಡಿ.
5. ಕಂಪನ ಎಣಿಸಬೇಕಿದ್ದರೆ ಎರಡು ಸೆಕೆಂಡಿನಲ್ಲಿ ಗೆರೆ ಎಷ್ಟು ಸಲ ಏರಿ ಇಳಿಯಿತು ಎಂದು ಲೆಕ್ಕ ಹಾಕಿ ಎರಡರಿಂದ ಭಾಗಿಸಿ.

ಎಡವುವುದು ಸಾಮಾನ್ಯವಾಗಿ ಮೂರನೆಯ ಹಂತದಲ್ಲಿ. ಮನುಷ್ಯರ ದನಿಯಲ್ಲಿ ಮೂಲಸ್ವರದ ಮೇಲೆ ಅದರ ಎರಡರಷ್ಟು, ಮೂರರಷ್ಟು ಎತ್ತರದ ಅನುಸ್ವರಗಳೂ ಇರುತ್ತವೆ. ಕೂಗುವಾಗ ಎರಡನೆಯ ಗೆರೆಯೇ ಮೂಲಕ್ಕಿಂತ ಹೆಚ್ಚು ಬೆಳಗುವುದುಂಟು. ಅದನ್ನೇ ಮೂಲವೆಂದುಕೊಂಡರೆ ಒಂದು ಇಡೀ ಸ್ಥಾಯಿ ಪುಕ್ಕಟೆಯಾಗಿ ಸೇರಿಬಿಡುತ್ತದೆ! ಇಂಟರ್ನೆಟ್ಟಿನ ಐದು, ಆರು ಸ್ಥಾಯಿಯ ದಾಖಲೆಗಳನ್ನು ನೋಡುವಾಗ ಮೊದಲು ಈ ಅನುಮಾನ ಬರಬೇಕು.

ಗಿಟಾರ್ ಪುಸ್ತಕದ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ನೋಡಿ ಸ್ವರ ಹೇಳುವವರೂ ತಪ್ಪುತ್ತಾರೆ. ಗನ್ಸ್ ಎನ್ ರೋಸಸ್ ಗಿಟಾರುಗಳನ್ನು ಅರ್ಧಸ್ವರ ಇಳಿಸಿ ಶ್ರುತಿ ಮಾಡುತ್ತಿದ್ದರು, ಅಲ್ಲಿ ಇ ಹಿಡಿದರೆ ಕೇಳುವುದು ಇ ಫ್ಲ್ಯಾಟ್. ಹಾಡಿನಿಂದ ದನಿಯನ್ನಷ್ಟೇ ಬೇರ್ಪಡಿಸುವ ತಂತ್ರಾಂಶಗಳು ಕೇಳಲು ಚೆಂದ, ಅಳತೆಗೆ ಅಪಾಯ. ಡ್ರಮ್ಸ್ ಜತೆಯ ಲೋಹದ ತಟ್ಟೆ ಸಿಂಬಲ್‌ನ ಸದ್ದು ದನಿಯೊಳಗೆ ಸೋರಿಕೊಂಡಿರುತ್ತದೆ, ಹಿಮ್ಮೇಳದವರ ದನಿ ಮುಖ್ಯ ಗಾಯಕರದ್ದಾಗಿ ತೋರುತ್ತದೆ.

ಕಿರುಚುವುದನ್ನು ಹಾಡುಗಾರಿಕೆ ಎನ್ನಬಹುದೇ?

ಶ್ರುತಿಯಲ್ಲಿ ನಿಂತ ಕಿರುಚು ಖಂಡಿತ ಹಾಡುಗಾರಿಕೆ. 1970ರಲ್ಲಿ ಡೀಪ್ ಪರ್ಪಲ್‌ನ 'ಚೈಲ್ಡ್ ಇನ್ ಟೈಮ್'ನಲ್ಲಿ ಇಯನ್ ಗಿಲನ್ ಮಾತಿಲ್ಲದ ಮೆಲುದನಿಯಿಂದ ಶುರುಮಾಡಿ ಮೆಟ್ಟಿಲು ಮೆಟ್ಟಿಲಾಗಿ ಚೀರಾಟಕ್ಕೆ ಏರುತ್ತಾರೆ. ಪ್ರತಿ ಮೆಟ್ಟಿಲಿನಲ್ಲೂ ಸ್ವರ ಸ್ಪಷ್ಟ.

ರಾಕ್‌ನ ಒರಟು ದನಿ ಹುಟ್ಟುವ ಬಗೆಗಳು ಹಲವು. ನಿಜವಾದ ಧ್ವನಿತಂತುಗಳ ಮೇಲೆ ಇನ್ನೊಂದು ಜೋಡಿ ಮಡಿಕೆಗಳಿವೆ, ಸುಳ್ಳು ಧ್ವನಿತಂತು ಎನ್ನುತ್ತಾರೆ. ಪಳಗಿದ ಗಾಯಕರು ಕೆಳಗಿನ ಜೋಡಿಯನ್ನು ಸ್ವರಕ್ಕೆ ಬಿಟ್ಟು ಮೇಲಿನದನ್ನು ಒರಟಿಗೆ ಬಳಸುತ್ತಾರೆ, ಆಗ ಸ್ವರ ಕೆಡದೆ ಗೊಗ್ಗರು ಸೇರುತ್ತದೆ. ಪಳಗದವರು ಕೆಳಗಿನ ಜೋಡಿಯನ್ನೇ ಒಂದಕ್ಕೊಂದು ಬಡಿಸುತ್ತಾರೆ. ಅದು ಒಂದೆರಡು ಹಾಡಿಗೆ ಬಲು ಸೊಗಸು, ಮೂರನೆಯದಕ್ಕೆ ದನಿ ಹೊರಟುಹೋಗುತ್ತದೆ.

ಇದರ ಅತಿ ಪ್ರಸಿದ್ಧ ಸಾಕ್ಷಿ 1963ರ ಫೆಬ್ರವರಿ 11. ಲಂಡನ್ನಿನ ಅಬ್ಬೆ ರೋಡ್ ಸ್ಟುಡಿಯೋದಲ್ಲಿ ಬೀಟಲ್ಸ್ ತಮ್ಮ ಮೊದಲ ಆಲ್ಬಂನ ಹತ್ತು ಹಾಡುಗಳನ್ನು ಒಂದೇ ದಿನದಲ್ಲಿ ಮುದ್ರಿಸಿದರು. ಜಾನ್ ಲೆನನ್ ಅವರಿಗೆ ನೆಗಡಿ. 'ಟ್ವಿಸ್ಟ್ ಅಂಡ್ ಶೌಟ್' ಗಂಟಲು ಹರಿಯುವ ಹಾಡೆಂದು ಬೇಕೆಂದೇ ಕೊನೆಗಿಟ್ಟಿದ್ದರು. ಗಂಟಲ ಗುಳಿಗೆ, ಹಾಲು ಇವುಗಳ ಬಲದ ಮೇಲೆ ರಾತ್ರಿ ಹಾಡಿದರು. ಆಲ್ಬಂನಲ್ಲಿರುವುದು ಮೊದಲ ಸಲ ಹಾಡಿದ್ದೇ. ಎರಡನೆಯ ಸಲ ಹಾಡಲು ದನಿ ಉಳಿದಿರಲಿಲ್ಲ. ಕೊನೆಯ ಅರ್ಧ ನಿಮಿಷವನ್ನು ಹೆಡ್‌ಫೋನ್ ಹಾಕಿ ಕೇಳಿ: ಸ್ವರ ಅಂಚಿನಲ್ಲಿ ಸೀಳುತ್ತದೆ, ಆದರೆ ಶ್ರುತಿಯ ನಡುವನ್ನು ಬಿಟ್ಟು ಕದಲುವುದಿಲ್ಲ.

ಹಾಗೆ ಹಾಡಲು ನಾವು ಪ್ರಯತ್ನಿಸಿದರೆ?

ನೋವಾದರೆ, ಗಂಟಲು ಕೆರೆದರೆ ಅಲ್ಲೇ ನಿಲ್ಲಿಸಿ, ಅದು ಅಭ್ಯಾಸದ ಲಕ್ಷಣವಲ್ಲ. ಪಿಸುಗುಟ್ಟಿ ಮಾತಾಡುವುದು ವಿಶ್ರಾಂತಿಯಲ್ಲ, ಸುಮ್ಮನಿರುವುದೇ ವಿಶ್ರಾಂತಿ. ದನಿ ಒಡೆದದ್ದು ಎರಡು ಮೂರು ವಾರವಾದರೂ ಸರಿಹೋಗದಿದ್ದರೆ ಕಿವಿ ಮೂಗು ಗಂಟಲಿನ ವೈದ್ಯರಿಗೆ ತೋರಿಸಿ ಧ್ವನಿತಂತು ನೋಡಿಸಬೇಕು. ಗಂಟಾಗಿದ್ದರೆ ಬೇಗ ಗೊತ್ತಾದಷ್ಟೂ ಒಳ್ಳೆಯದು. ಫ್ರೆಡ್ಡಿಗೂ ಗಂಟುಗಳಿದ್ದವು. ಉಸಿರಿನ ಆಸರೆಗೆ ಮಾದರಿ ಬೇಕೆಂದರೆ ರಾನಿ ಜೇಮ್ಸ್ ಡಿಯೊ ಅವರನ್ನು ಕೇಳಿ. ಚಿಕ್ಕಂದಿನಲ್ಲಿ ಟ್ರಂಪೆಟ್ ಊದಿದ್ದೇ ತಮಗೆ ಉಸಿರು ಕಲಿಸಿತು ಎನ್ನುತ್ತಿದ್ದರು. 1980ರ 'ಹೆವನ್ ಅಂಡ್ ಹೆಲ್'ನಲ್ಲಿ ಅದು ಎದ್ದು ಕಾಣುತ್ತದೆ.

ಪ್ಲಾಂಟ್ ದೊಡ್ಡವರೋ ಫ್ರೆಡ್ಡಿ ದೊಡ್ಡವರೋ?

ಬಹುಪಾಲು ಚರ್ಚೆಗಳು ಕೊನೆಗೆ ಬಂದು ನಿಲ್ಲುವುದು ಇಲ್ಲೇ. ಇಬ್ಬರನ್ನೂ ಒಂದೇ ಕೆಲಸ ಮಾಡಿದವರೆಂದು ತಿಳಿಯುವುದೇ ತೊಡಕು.

ಪ್ಲಾಂಟ್ ಅವರ ದನಿ ಲೆಡ್ ಜೆಪೆಲಿನ್ ಬ್ಯಾಂಡಿನ ನಾಲ್ಕನೆಯ ವಾದ್ಯ. ಜಿಮ್ಮಿ ಪೇಜ್ ಗಿಟಾರಿನಲ್ಲಿ ಒಂದು ಸಾಲು ಎಸೆದರೆ ಅವರು ಗಂಟಲಿನಲ್ಲಿ ಅದನ್ನೇ ಹಿಂದಿರುಗಿಸುತ್ತಾರೆ, ನಮ್ಮ ಜುಗಲ್‌ಬಂದಿಯ ಸವಾಲ್ ಜವಾಬಿನ ಹಾಗೆ. 1970ರ 'ಇಮಿಗ್ರೆಂಟ್ ಸಾಂಗ್'ನ ಆರಂಭದ ಕೂಗಿನಲ್ಲಿ ಮಾತೇ ಇಲ್ಲ, ಒಂದು ಸ್ಥಾಯಿ ಮೇಲಕ್ಕೆ ಹಾರುವ ಸ್ವರವಷ್ಟೇ. ಅಷ್ಟರಲ್ಲೇ ಹಾಡು ಗೆದ್ದಾಯಿತು. ಆಮೇಲಿನ ಹತ್ತು ಹದಿನೈದು ವರ್ಷ ಹೆವಿ ಮೆಟಲ್‌ನಲ್ಲಿ ಮೇಲುಸ್ಥಾಯಿಯಲ್ಲಿ ಹಾಡಿದವರೆಲ್ಲ ಈ ಅಚ್ಚಿನವರೇ. ಪ್ಲಾಂಟ್ ಅವರ ಸಾಲವನ್ನೂ ಹೇಳಬೇಕು: 'ಹೋಲ್ ಲಾಟಾ ಲವ್'ನ ಮಾತುಗಳ ಬೇರು ವಿಲ್ಲಿ ಡಿಕ್ಸನ್ ಬರೆದ ಬ್ಲೂಸ್ ಹಾಡಿನಲ್ಲಿದೆ, ಡಿಕ್ಸನ್ ಮೊಕದ್ದಮೆ ಹೂಡಿದ ಮೇಲಷ್ಟೇ ಅವರ ಹೆಸರು ಸೇರಿತು.

ಫ್ರೆಡ್ಡಿಯ ಕೆಲಸ ದನಿಯಿಂದ ಕಟ್ಟಡ ಕಟ್ಟುವುದು. 1976ರ 'ಸಮ್‌ಬಡಿ ಟು ಲವ್'ನಲ್ಲಿ ಚರ್ಚಿನ ದೊಡ್ಡ ಗಾಯನವೃಂದದಂತೆ ಕೇಳುವುದು ಮೂರೇ ಜನ: ಫ್ರೆಡ್ಡಿ, ಗಿಟಾರ್ ನುಡಿಸುವ ಬ್ರಯಾನ್ ಮೇ, ರೋಜರ್ ಟೇಲರ್. ಒಂದರ ಮೇಲೊಂದು ಪದರವಾಗಿ ಹಾಡಿ ಹಾಡಿ ಸೇರಿಸಿದ್ದು. 'ಬೊಹೀಮಿಯನ್ ರಾಪ್ಸಡಿ'ಗೆ 24 ಟ್ರ್ಯಾಕ್ ಟೇಪನ್ನು ಎಷ್ಟು ಸಲ ಓಡಿಸಿದರೆಂದರೆ ಲೇಪ ಸವೆದು ಬೆಳಕಿಗೆ ಹಿಡಿದರೆ ಆಚೆ ಕಾಣುತ್ತಿತ್ತು ಎಂದು ಮೇ ಹೇಳಿದ್ದಾರೆ. ಹೀಗೆ ಸ್ಟುಡಿಯೋದಲ್ಲಿ ಕಟ್ಟಿದವರು 1985ರ ಜುಲೈ 13ರಂದು ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದ ನೆರವಿನ ಸಂಗೀತೋತ್ಸವ ಲೈವ್ ಏಡ್‌ನಲ್ಲಿ ಸುಮಾರು 21 ನಿಮಿಷದಲ್ಲಿ 72,000 ಜನರನ್ನು ತಮ್ಮ ಹಿಮ್ಮೇಳ ಮಾಡಿಕೊಂಡರು. ಬರೀ ಕೂಗಿ, ಜನ ತಿರುಗಿ ಕೂಗುವಂತೆ ಮಾಡುವ ಆ ಅರ್ಧ ನಿಮಿಷ ನೋಡಿ. ಪ್ರತಿ ಸಲವೂ ಸ್ವರಗುಚ್ಛ ಸ್ವಲ್ಪ ಕಷ್ಟವಾಗುತ್ತದೆ, ಜನ ಕೈಬಿಡದಷ್ಟೇ ಕಷ್ಟ.

ಪ್ಲಾಂಟ್ ಪರ ನಿಲ್ಲುವವರಿಗೆ ಇರುವ ದೊಡ್ಡ ಅಸ್ತ್ರ ಯೌವನದ ಕೂಗಲ್ಲ, ಆಮೇಲಿನ ಬದುಕು. ಮೇಲಿನ ಸ್ವರಗಳು ಕೈಬಿಟ್ಟಾಗ ಅವರು ಅವುಗಳ ಬೆನ್ನುಹತ್ತಲಿಲ್ಲ. ಅಮೆರಿಕದ ಗಾಯಕಿ ಆಲಿಸನ್ ಕ್ರೌಸ್ ಜತೆ 2007ರಲ್ಲಿ ಮಾಡಿದ 'ರೇಸಿಂಗ್ ಸ್ಯಾಂಡ್' ಪಿಸುದನಿಯ ಆಲ್ಬಂ. 2009ರಲ್ಲಿ ಅದಕ್ಕೆ ವರ್ಷದ ಆಲ್ಬಂ ಗ್ರ್ಯಾಮಿ ಬಂತು.

ಬಾಬ್ ಡಿಲನ್ ದನಿಯೇ ಚೆನ್ನಾಗಿಲ್ಲ. ಅವರು ಪಟ್ಟಿಯಲ್ಲಿ ಹೇಗೆ?

ರೋಲಿಂಗ್ ಸ್ಟೋನ್ ಪತ್ರಿಕೆಯ 2008ರ ನೂರು ಗಾಯಕರ ಪಟ್ಟಿಯಲ್ಲಿ ಅವರು ಏಳನೆಯವರು, ಪ್ಲಾಂಟ್ ಹದಿನೈದು, ಫ್ರೆಡ್ಡಿ ಹದಿನೆಂಟು. ಕೋಪ ಬರುವಂಥದ್ದೇ. ಆದರೆ ಮಾತನ್ನು ತಾಳದ ಹಿಂದೆ ಮುಂದೆ ಸರಿಸಿ ಅರ್ಥವನ್ನೇ ಬದಲಿಸುವ ಕಲೆಯಲ್ಲಿ ಅವರಿಗೆ ಸಾಟಿ ಕಡಿಮೆ. ಇಂಪು ಬೇರೆ, ಹೇಳುವ ಬಗೆ ಬೇರೆ ಎಂದು ಒಪ್ಪಿದರೆ ಡಿಲನ್ ಇರುತ್ತಾರೆ.

ಹೆಂಗಸರ ಹೆಸರು ಏಕೆ ಇಷ್ಟು ಕಡಿಮೆ ಬರುತ್ತದೆ?

ಕೇಳುವವರ ಅಭ್ಯಾಸ. ಕೆಲಸವಂತೂ ಕಡಿಮೆಯಿಲ್ಲ, ಹಲವು ಸಲ ಅದು ಬೇರೆಯವರ ಹೆಸರಿನ ಕೆಳಗೆ ಹುದುಗಿದೆ. 1969ರ ರೋಲಿಂಗ್ ಸ್ಟೋನ್ಸ್ ಹಾಡು 'ಗಿಮ್ಮಿ ಶೆಲ್ಟರ್'ನಲ್ಲಿ ಮೆರಿ ಕ್ಲೇಟನ್ ಅವರ ದನಿ ತುತ್ತತುದಿಯಲ್ಲಿ ಒಡೆಯುತ್ತದೆ, ಹಿಂದೆ ಆ ಬ್ಯಾಂಡಿನ ಮುಖ್ಯ ಗಾಯಕ ಮಿಕ್ ಜ್ಯಾಗರ್ ಬೆರಗಾಗಿ ಕೂಗಿದ್ದು ಟೇಪಿನಲ್ಲೇ ಉಳಿದಿದೆ. ಪಿಂಕ್ ಫ್ಲಾಯ್ಡ್‌ನ 1973ರ ಆಲ್ಬಂನಲ್ಲಿ ಒಂದೇ ಒಂದು ಮಾತಿಲ್ಲದೆ ಹಾಡಿದ ಕ್ಲೇರ್ ಟೋರಿ ಒಂದು ಭಾನುವಾರ ನಡೆದ ಆ ಮುದ್ರಣಕ್ಕೆ ಪಡೆದದ್ದು 30 ಪೌಂಡ್. ನ್ಯಾಯಾಲಯದ ಮೆಟ್ಟಿಲು ಹತ್ತಿದ ಮೇಲೆ, 2005ರ ರಾಜಿಯಲ್ಲಿ, ರಚನೆಯಲ್ಲಿ ಅವರ ಹೆಸರು ಸೇರಿತು.

ಹಾರ್ಟ್ ಬ್ಯಾಂಡಿನ ಆನ್ ವಿಲ್ಸನ್ ಅವರನ್ನು ಬಿಟ್ಟ ಯಾವ ಪಟ್ಟಿಯೂ ಪೂರ್ತಿಯಲ್ಲ. 2012ರಲ್ಲಿ ಅಮೆರಿಕದ ಕೆನಡಿ ಸೆಂಟರ್ ಗೌರವ ಸಮಾರಂಭದಲ್ಲಿ ಅವರು ಲೆಡ್ ಜೆಪೆಲಿನ್ ಹಾಡಾದ 'ಸ್ಟೇರ್‌ವೇ ಟು ಹೆವನ್' ಹಾಡಿದಾಗ ಮೇಲೆ ಕೂತಿದ್ದ ಪ್ಲಾಂಟ್ ಕಣ್ಣಲ್ಲಿ ನೀರಿತ್ತು.

ಸ್ಟುಡಿಯೋದಲ್ಲಿ ಎಲ್ಲವನ್ನೂ ತಿದ್ದಿರುತ್ತಾರಲ್ಲ, ಅದನ್ನು ಹೇಗೆ ನಂಬುವುದು?

ಆಟೋ ಟ್ಯೂನ್ ಮಾರುಕಟ್ಟೆಗೆ ಬಂದದ್ದು 1997ರಲ್ಲಿ. ಅದಕ್ಕೂ ಹಿಂದಿನ ಹಾಡಿನಲ್ಲಿ ಶ್ರುತಿ ತಿದ್ದುವ ಆ ಸಲಕರಣೆ ಇಲ್ಲ. ಹಾಗೆಂದು ಕೈಚಳಕವೇ ಇರಲಿಲ್ಲ ಎನ್ನಬೇಡಿ. ಟೇಪಿನ ವೇಗ ಬದಲಿಸುತ್ತಿದ್ದರು, ಹಲವು ಸಲ ಹಾಡಿದ್ದರಿಂದ ಒಳ್ಳೆಯ ಸಾಲುಗಳನ್ನು ಆಯ್ದು ಜೋಡಿಸುತ್ತಿದ್ದರು. 1966ರಲ್ಲಿ ಅಬ್ಬೆ ರೋಡ್‌ನ ಕೆನ್ ಟೌನ್‌ಸೆಂಡ್ ಒಂದೇ ದನಿಯನ್ನು ಯಂತ್ರದಿಂದಲೇ ಎರಡಾಗಿಸುವ ವಿಧಾನ ಕಂಡುಹಿಡಿದರು. ಲೈವ್ ಆಲ್ಬಂಗಳನ್ನೂ ಆಮೇಲೆ ಸ್ಟುಡಿಯೋದಲ್ಲಿ ರಿಪೇರಿ ಮಾಡುವುದುಂಟು. ಒಂದೇ ಹಾಡಿನ ಸ್ಟುಡಿಯೋ ಪ್ರತಿ, ಅದೇ ವರ್ಷದ ಲೈವ್, ಹತ್ತು ವರ್ಷದ ನಂತರದ ಲೈವ್, ಈ ಮೂರನ್ನೂ ಸಾಲಾಗಿ ಕೇಳಿದರೆ ಸತ್ಯ ಹೊರಬೀಳುತ್ತದೆ.

ವಯಸ್ಸಾದ ಮೇಲಿನ ದನಿಯನ್ನು ಲೆಕ್ಕಕ್ಕೆ ಹಿಡಿಯಬೇಕೇ?

ಹಿಡಿಯಬೇಕು, ಆದರೆ ಶ್ರುತಿ ಇಳಿಸಿದರೆಂದು ಅಂಕ ಕಳೆಯಬಾರದು. ಅರ್ಧ ಅಥವಾ ಒಂದು ಸ್ವರ ಇಳಿಸಿ ಹಾಡುವುದು ಗಂಟಲು ಉಳಿಸುವ ದಾರಿ. ಬೆಂಗಳೂರಿನವರಿಗೆ ಇದನ್ನು ಕಿವಿಯಾರೆ ಕೇಳುವ ಅವಕಾಶ ಅರಮನೆ ಮೈದಾನದಲ್ಲಿ ಸಿಕ್ಕಿತ್ತು: 2003ರ ಏಪ್ರಿಲ್‌ನಲ್ಲಿ 59ರ ಮಿಕ್ ಜ್ಯಾಗರ್, 2007ರ ಮಾರ್ಚ್ 17ರಂದು ಐರನ್ ಮೇಡನ್‌ನ 48ರ ಬ್ರೂಸ್ ಡಿಕಿನ್ಸನ್, ಅದೇ ಜೂನ್‌ನಲ್ಲಿ ಏರೋಸ್ಮಿತ್‌ನ 59ರ ಸ್ಟೀವನ್ ಟೈಲರ್. ಜ್ಯಾಗರ್ ಯಾವತ್ತೂ ಮಧ್ಯಸ್ಥಾಯಿಯ ಮನುಷ್ಯ, ಹಾಗಾಗಿ ದನಿ ಬಾಳಿಕೆ ಬಂತು. ಟೈಲರ್ ಮೇಲುಸ್ಥಾಯಿಯಲ್ಲಿ ಹರಿತವಾಗಿ ಹಾಡಿದವರು. 2023ರಲ್ಲಿ ಅವರ ಧ್ವನಿಪೆಟ್ಟಿಗೆಗೆ ಪೆಟ್ಟಾಗಿ, ಮರುವರ್ಷ ಬ್ಯಾಂಡ್ ಪ್ರವಾಸವನ್ನೇ ನಿಲ್ಲಿಸಿತು. ಡಿಕಿನ್ಸನ್ 2015ರಲ್ಲಿ ನಾಲಿಗೆಯ ಬುಡದ ಕ್ಯಾನ್ಸರ್‌ನಿಂದ ಗುಣವಾಗಿ ಮರುವರ್ಷವೇ ಪ್ರವಾಸ ಹೊರಟರು. ಇದಕ್ಕೆ ಅಂಕ ಕೊಡದೆ ಇನ್ನಾವುದಕ್ಕೆ ಕೊಡುವುದು?

ಪತ್ರಿಕೆಗಳ ಪಟ್ಟಿಗಳನ್ನು ಎಷ್ಟು ನಂಬಬಹುದು?

ಯಾರು ಮತ ಹಾಕಿದರು ಎಂದು ನೋಡಿ ನಂಬಿ. ರೋಲಿಂಗ್ ಸ್ಟೋನ್‌ನ 2008ರ ಪಟ್ಟಿಗೆ ಸಂಗೀತಗಾರರೂ ಸೇರಿದ ದೊಡ್ಡ ತಂಡ ಮತ ಹಾಕಿತ್ತು, 2023ರದ್ದನ್ನು ಪತ್ರಿಕೆಯ ಸಿಬ್ಬಂದಿ ಮತ್ತು ಬರಹಗಾರರು ಮಾಡಿದರು. ಎರಡರಲ್ಲೂ ಅರೀಥಾ ಮೊದಲಿಗರು. ಎರಡನೆಯದರಲ್ಲಿ ಲತಾ ಮಂಗೇಶ್ಕರ್ ಕೂಡ ಇದ್ದಾರೆ. ಅಂದರೆ ಅದು ರಾಕ್ ಪಟ್ಟಿಯೇ ಅಲ್ಲ, ರಾಕ್ ವಾದಕ್ಕೆ ಅದನ್ನು ಎಳೆದುತರಬೇಡಿ.

ಗೆಳೆಯರ ಗುಂಪಿನಲ್ಲಿ ತೀರ್ಮಾನಕ್ಕೆ ಬರುವುದು ಹೇಗೆ?

ಆರರಿಂದ ಎಂಟು ಜನ, ಒಂದು ಸಂಜೆ ಸಾಕು. ಪ್ರತಿ ಗಾಯಕರದ್ದು ಮೂವತ್ತು ಸೆಕೆಂಡಿನ ಮೂರು ತುಣುಕು: ಒಂದು ಮೆಲ್ಲನೆಯದು, ಒಂದು ಗಟ್ಟಿಯದು, ಒಂದು ಲೈವ್. ಎಲ್ಲದರ ಸದ್ದಿನ ಮಟ್ಟ ಒಂದೇ ಇರಲಿ. ಚೂರು ಜೋರಾಗಿ ಕೇಳಿದ್ದೇ ಚೆನ್ನಾಗಿದೆ ಅನ್ನಿಸುವುದು ಕಿವಿಯ ಸ್ವಭಾವ, ಎಷ್ಟೋ ತೀರ್ಪುಗಳು ಕೆಡುವುದು ಇದರಿಂದಲೇ. ಅಂಕಗಳನ್ನು ನಾವು ಹಂಚುವುದು ಹೀಗೆ: ದನಿಯ ಬಣ್ಣ 25, ಮಾತು ಮತ್ತು ತಾಳದ ನಿರ್ವಹಣೆ 25, ಲೈವ್ 20, ಶ್ರುತಿ 15, ನಂತರದವರ ಮೇಲಿನ ಪ್ರಭಾವ 10, ವ್ಯಾಪ್ತಿ 5. ತಮ್ಮ ನೆಚ್ಚಿನವರನ್ನು ಗೆಲ್ಲಿಸಲು ಎದುರಾಳಿಗೆ ಸೊನ್ನೆ ಹಾಕುವವರು ಪ್ರತಿ ಗುಂಪಿನಲ್ಲೂ ಸಿಗುತ್ತಾರೆ. ಪ್ರತಿ ಗಾಯಕರಿಗೆ ಬಂದ ಅತಿ ಹೆಚ್ಚು ಮತ್ತು ಅತಿ ಕಡಿಮೆ ಅಂಕ ಬಿಟ್ಟು ಉಳಿದದ್ದರ ಸರಾಸರಿ ತೆಗೆದರೆ ಅವರ ಆಟ ನಡೆಯುವುದಿಲ್ಲ.

ಸುತ್ತಿ ಬಳಸದೆ ಒಂದೇ ಹೆಸರು ಹೇಳಿ.

ಫ್ರೆಡ್ಡಿ ಮರ್ಕ್ಯುರಿ. ಮೇಲಿನ ಆರು ಕಲಂಗಳಲ್ಲಿ ಯಾವುದರಲ್ಲೂ ಅವರು ಬಡವರಲ್ಲ, ಅಂಥವರು ಬೇರೆ ಸಿಗಲಿಲ್ಲ. ಪ್ರಭಾವದಲ್ಲಿ ಫ್ರೆಡ್ಡಿಗಿಂತ ಪ್ಲಾಂಟ್ ಮುಂದು, ಮಾತಿನ ನಿರ್ವಹಣೆಯಲ್ಲಿ ಲೆನನ್ ಮುಂದು, ಅದನ್ನೂ ಒಪ್ಪುತ್ತೇವೆ.

ನಮ್ಮ ಈ ಅಂಕಪಟ್ಟಿಗೆ ಸಿಗದೆ ಹೊರಗುಳಿಯುವವರು ಜಾನಿಸ್ ಜಾಪ್ಲಿನ್. 1967ರ ಮಾಂಟೆರೆ ಉತ್ಸವದಲ್ಲಿ ಜಗತ್ತಿನ ಕಣ್ಣಿಗೆ ಬಿದ್ದು 1970ರ ಅಕ್ಟೋಬರ್ 4ರಂದು 27ನೇ ವಯಸ್ಸಿಗೆ ತೀರಿಕೊಂಡರು. ಸಾಯುವ ಮೂರು ದಿನ ಮೊದಲು 'ಮರ್ಸಿಡಿಸ್ ಬೆಂಜ್' ಎಂಬ ಹಾಡನ್ನು ಒಂದೇ ಸಲಕ್ಕೆ ಹಾಡಿ ಮುಗಿಸಿದ್ದರು. ಎರಡು ನಿಮಿಷವೂ ಇಲ್ಲ. ಗಿಟಾರಿಲ್ಲ, ಡ್ರಮ್ಸ್ ಇಲ್ಲ, ಮೇಲಿನ ಸ್ವರವೂ ಇಲ್ಲ. ಕಾಲಿನಿಂದ ತಾಳ ಹಾಕಿಕೊಂಡು ಹಾಡುತ್ತಾರೆ, ಮುಗಿಸಿ ನಗುತ್ತಾರೆ. ಫ್ರೆಡ್ಡಿಗೆ ಮತ ಹಾಕುವ ಮುನ್ನ ಅದನ್ನೊಮ್ಮೆ ಕೇಳಿ.